ಮರಳು ಇಳಿಯುವ ತನಕ

“ರೇಡಿಯೋ, ಬಾಮ್ಮ ಬೇಗ! ಮೂರನೇ ಕ್ಲಾಸಲ್ಲಿ ಕರೀತಿದಾರೆ!”

ಗಂಟೆ ತಾತ ಐದನೇ ಕ್ಲಾಸಿನ ಬಾಗಿಲಲ್ಲಿ ತಲೆ ತೂರಿಸಿ ಕೂಗಿದ್ದೇ ತಡ, ರೇಡಿಯೋ ಪೆನ್ಸಿಲ್ ಬಿಟ್ಟು ಎದ್ದಳು. ಟೀಚರ್ “ಹೋಗು” ಅನ್ನುವಷ್ಟರಲ್ಲಿ ಅವಳು ಕಾರಿಡಾರಿನಲ್ಲಿದ್ದಳು. ಗಂಟೆ ಹೊಡೆಯುವುದು, ಗೇಟು ತೆಗೆಯುವುದು, ಯಾರನ್ನಾದರೂ ಕರೆದುಕೊಂಡು ಬರುವುದು, ಎಲ್ಲ ತಾತನ ಕೆಲಸವೇ. ಆದರೆ ಈ ಹುಡುಗಿಯನ್ನು ಕರೆಯಲು ಬಂದಾಗ ಮಾತ್ರ ಅವಳೇ ತಾತನನ್ನು ಎಳೆದುಕೊಂಡು ಹೋಗುತ್ತಿದ್ದಳು.

“ಈ ಸಲ ಏನಂತೆ ತಾತ?”

“ನಂಗೇನು ಗೊತ್ತು ತಾಯಿ! ನಿನ್ನ ತಮ್ಮ ಎದ್ದು ಕಂಬದ ಹಾಗೆ ನಿಂತಿದಾನೆ. ಯಾಕೋ ಅಂದ್ರೆ ತುಟಿ ಪಿಟಕ್ ಅಂತಿಲ್ಲ.”

ಗುಂಡ ನಿಂತೇ ಇದ್ದ. ಹುಟ್ಟಿದಾಗ ಗುಂಡಗೆ ಇದ್ದನಂತೆ, ಅದಕ್ಕೆ ಆ ಹೆಸರು. ಈಗ ನೋಡಿದರೆ ಬೆಂಕಿಕಡ್ಡಿ. ಅವನ ಎರಡೂ ಕಿವಿ ಕೆಂಪಾಗಿದ್ದವು. ಬೋರ್ಡಿನ ಮೇಲೆ ಏಳು ಡಬ್ಬ ಬರೆದು, ಒಂದೊಂದು ಡಬ್ಬದೊಳಗೆ ಎಂಟೆಂಟು ಚೆಂಡು ಬರೆದು, ಕೆಳಗೆ ದೊಡ್ಡದೊಂದು ಪ್ರಶ್ನೆ ಚಿಹ್ನೆ ಹಾಕಿತ್ತು.

“ಬಂದ್ಯಾ? ಇವನಿಗೆ ಏನು ಬೇಕು ಕೇಳಮ್ಮ,” ಎಂದರು ಮೂರನೇ ಕ್ಲಾಸಿನ ಟೀಚರ್. “ಟಾಯ್ಲೆಟ್ಟಾ ಅಂದೆ, ಹೊಟ್ಟೆನೋವಾ ಅಂದೆ. ಏನಂದ್ರೂ ಮಾತಿಲ್ಲ.”

ರೇಡಿಯೋ ತಮ್ಮನ ಮುಖ ನೋಡಿದಳು. ಅವನ ಪೆನ್ಸಿಲ್ ಬಾಕ್ಸ್ ನೋಡಿದಳು. ಅಷ್ಟೇ ಸಾಕಾಯಿತು.

“ಮೇಡಂ, ಇವನ ಇರೇಸರ್ ಕಳೆದುಹೋಗಿದೆ! ಆನೆ ಶೇಪ್‌ದು, ಹೊಸಾದು. ಹಿಂದಿನ ಬೆಂಚಿನೋರು ತಗೊಂಡಿರ್ತಾರೆ. ಯಾವಾಗ್ಲೂ ಅವರೇ!”

“ನಾವಲ್ಲ! ನಾವಲ್ಲ!” ಎಂದು ಹಿಂದಿನ ಬೆಂಚು ಬೊಬ್ಬೆ ಹೊಡೆಯಿತು. ಟೀಚರ್ ಅವರನ್ನು ಗದರಿದರು. ಗುಂಡನ ಬಾಯಿ ಚೂರು ತೆರೆದಿತ್ತು, ಮತ್ತೆ ಮುಚ್ಚಿಕೊಂಡಿತು. ಅವನು ಮೆಲ್ಲಗೆ ಕೂತ.

ರೇಡಿಯೋ ಅದನ್ನೆಲ್ಲ ಗಮನಿಸಲಿಲ್ಲ. ಅವಳು ಆಗಲೇ ತಾತನ ಜೊತೆ ವಾಪಸ್ ಹೊರಟಿದ್ದಳು. “ನಾನು ಇಲ್ದಿದ್ರೆ ಇವನ ಗತಿ ಏನು ತಾತ?” ಎಂದು ಕೇಳಿದಳು. ಕೇಳುವಾಗ ಅವಳ ದನಿಯಲ್ಲಿ ಕೊಂಚ ಜಂಬವೂ ಇತ್ತು.

ಅದೇ ಪ್ರಶ್ನೆಯನ್ನು ಅವತ್ತು ಸಂಜೆ ಹೆಡ್ ಮೇಡಂ ಫೋನಿನಲ್ಲಿ ಕೇಳಿದ್ದರು.

“ಏನಂದ್ರು?” ಅಪ್ಪ ಬಸ್ ಡ್ರೈವರಿನ ಖಾಕಿ ಅಂಗಿ ಬಿಚ್ಚುವುದನ್ನೂ ಮರೆತು ನಿಂತಿದ್ದರು.

ಅಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ಹೇಳಿದಳು. “ಮುಂದಿನ ವರ್ಷ ಅಕ್ಕ ದೊಡ್ಡ ಸ್ಕೂಲಿಗೆ ಹೋಗ್ತಾಳೆ, ಆಮೇಲೆ ಇವನ ಮಾತು ಯಾರು ಆಡ್ತಾರೆ ಅಂತಾರೆ. ಈ ಸ್ಕೂಲು ಇವನಿಗೆ ಸರಿಹೋಗಲ್ವಂತೆ. ಊರಾಚೆ ಒಂದು ಸ್ಪೆಷಲ್ ಸ್ಕೂಲ್ ಇದೆಯಂತೆ, ಅಲ್ಲಿಗೆ ಕಳ್ಸಿ ಅಂತಾರೆ. ಮುಂದಿನ ತಿಂಗಳು ಮೀಟಿಂಗ್, ಅವತ್ತೇ ತೀರ್ಮಾನ.”

“ಅವನಿಗೆ ಕಿವಿ ಚೆನ್ನಾಗಿ ಕೇಳುತ್ತೆ, ಬುದ್ಧಿ ಚುರುಕಾಗಿದೆ. ಮಾತು ಬರೋದು ಸ್ವಲ್ಪ ನಿಧಾನ, ಅಷ್ಟೇ ತಾನೆ?” ಎಂದರು ಅಪ್ಪ.

“ನಾನು ಬಂದು ಮಾತಾಡ್ತೀನಿ!” ಎಂದಳು ರೇಡಿಯೋ.

“ನೀನು ಯಾವಾಗ ಮಾತಾಡ್ದೇ ಇದ್ದೆ?” ಎಂದರು ಅಪ್ಪ. ಅವಳಿಗೆ ಆ ಹೆಸರು ಇಟ್ಟವರೂ ಅವರೇ. ಬೆಳಗ್ಗೆ ಕಣ್ಣು ಬಿಟ್ಟರೆ ಶುರು, ರಾತ್ರಿ ಕಣ್ಣು ಮುಚ್ಚಿದರೇ ಬಂದ್. ನಡುವೆ ಜಾಹೀರಾತೂ ಇಲ್ಲ ಎನ್ನುತ್ತಿದ್ದರು.

ಗುಂಡ ಮೂಲೆಯಲ್ಲಿ ಶೂ ಬಿಚ್ಚುತ್ತಿದ್ದ. ಒಂದು ಶೂ ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಕೂತುಬಿಟ್ಟ. ರೇಡಿಯೋ ಹೋಗಿ ಅವನ ಇನ್ನೊಂದು ಶೂ ಬಿಚ್ಚಿದಳು. ಇವನಿಲ್ಲದೆ ಸ್ಕೂಲಿಗೆ ಹೋಗುವುದು ಹೇಗೆ?

ಅಮ್ಮ ಕೆಲಸ ಮಾಡುವ ಲಾಂಡ್ರಿ ಲಾ ಕಾಲೇಜಿನ ಎದುರಿಗಿತ್ತು. ಕಾಲೇಜಿನ ಹುಡುಗ ಹುಡುಗಿಯರ ಕಪ್ಪು ಕೋಟುಗಳಿಗೆ ಇಸ್ತ್ರಿ ಹಾಕುವವಳು ಅಮ್ಮನೇ. ಮಾರನೆಯ ದಿನ ಕೋಟು ತೆಗೆದುಕೊಳ್ಳಲು ಬಂದ ಹುಡುಗಿಯೊಬ್ಬಳು ಅಮ್ಮನ ಮುಖ ನೋಡಿ “ಯಾಕೆ ಆಂಟಿ, ಹುಷಾರಿಲ್ವಾ?” ಎಂದು ಕೇಳಿದ್ದೇ ತಪ್ಪಾಯಿತು. ಅಮ್ಮ ಎಲ್ಲವನ್ನೂ ಹೇಳಿಬಿಟ್ಟಳು. ಹುಡುಗಿ ಕೋಟು ತೆಗೆದುಕೊಂಡು ಹೋಗುವ ಬದಲು ಬೆಂಚಿನ ಮೇಲೆ ಕೂತು ಕೇಳಿದಳು.

ಶನಿವಾರ ಅವಳು ಮನೆಗೇ ಬಂದಳು. ಜೊತೆಗೆ ಒಬ್ಬ ಉದ್ದನೆಯ ಹುಡುಗ. ಒಳಗೆ ಬರುವಾಗಲೇ ಅವನ ಹಣೆ ಬಾಗಿಲಿನ ಚೌಕಟ್ಟಿಗೆ ಢಣ್ ಎಂದು ಬಡಿಯಿತು. ಅಲ್ಲಿಂದ ಮುಂದೆ ಅವರು ಲಾಯರಕ್ಕ ಮತ್ತು ಉದ್ದಣ್ಣ.

“ನಾವು ಇನ್ನೂ ಲಾಯರ್ ಆಗಿಲ್ಲ ಅಂಕಲ್, ಓದ್ತಿದೀವಿ,” ಎಂದಳು ಲಾಯರಕ್ಕ ಮೊದಲೇ. “ಸ್ಕೂಲಲ್ಲಿ ಇಂಥ ತೊಂದರೆ ಇರೋ ಮನೆಯವರ ಜೊತೆ ಮೀಟಿಂಗಿಗೆ ಹೋಗಿ ಅವರ ಪರವಾಗಿ ನಿಲ್ತೀವಿ. ಫೀಸ್ ಇಲ್ಲ. ನಮ್ಮ ಪ್ರೊಫೆಸರ್‌ಗೆ ತೋರಿಸದೆ ಒಂದು ಹೆಜ್ಜೆನೂ ಇಡಲ್ಲ.”

ಅಪ್ಪ ಅನುಮಾನದಿಂದ ಉದ್ದಣ್ಣನ ಹಣೆಯ ಬುಗುಟೆ ನೋಡಿದರು. ಮನೆಯ ಬಾಗಿಲೇ ಕಾಣದವನು ಕಾನೂನು ಏನು ಕಾಣುತ್ತಾನೆ ಎಂದುಕೊಂಡರೋ ಏನೋ. ಆದರೆ ಅವರಿಬ್ಬರೂ ಕೆಲಸದಲ್ಲಿ ಗಟ್ಟಿಗರು. ಗುಂಡನನ್ನು ಆಸ್ಪತ್ರೆಯ ಮಾತಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಹೆಡ್ ಮೇಡಂ ಒಪ್ಪಿಗೆ ಪಡೆದು ಉದ್ದಣ್ಣ ಒಂದು ದಿನ ಪೂರ್ತಿ ಮೂರನೇ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂತು ಬಂದ.

ಮೀಟಿಂಗಿನ ಹಿಂದಿನ ಶನಿವಾರ ಲಾಯರಕ್ಕ ಹೇಳಿದಳು. “ಇವತ್ತು ಪ್ರಾಕ್ಟೀಸ್. ನಮ್ಮ ಕಾಲೇಜಲ್ಲಿ ಆಟದ ಕೋರ್ಟ್ ಮಾಡ್ತೀವಿ, ಒಬ್ರು ಜಡ್ಜ್, ಇಬ್ರು ಲಾಯರ್. ಹಾಗೇ ಇಲ್ಲಿ ಆಟದ ಮೀಟಿಂಗ್. ನಾನೇ ಹೆಡ್ ಮೇಡಂ.”

ಅವಳು ಅಮ್ಮನ ಕನ್ನಡಕವನ್ನು ಮೂಗಿನ ತುದಿಗೆ ಹಾಕಿಕೊಂಡು, ಕತ್ತು ನೆಟ್ಟಗೆ ಮಾಡಿ “ಹ್ಞೂಂ!” ಎಂದಳು. ಥೇಟ್ ಹೆಡ್ ಮೇಡಂ! ಗುಂಡ ಕಿಸಕ್ಕನೆ ನಕ್ಕ.

“ಏನಪ್ಪ, ನಿನಗೆ ಸ್ಕೂಲಲ್ಲಿ ಯಾವ ಸಬ್ಜೆಕ್ಟ್ ಇಷ್ಟ?”

“ಡ್ರಾಯಿಂಗ್!” ಎಂದಳು ರೇಡಿಯೋ.

“ಕ್ಲಾಸಲ್ಲಿ ಫ್ರೆಂಡ್ಸ್ ಇದಾರಾ?”

“ಒಬ್ಬ ಇದಾನೆ, ಅವನ ಪಕ್ಕದಲ್ಲೇ ಕೂರ್ತಾನೆ, ಅವನಿಗೆ ಎರಡು ಹಲ್ಲಿಲ್ಲ!” ಎಂದಳು ರೇಡಿಯೋ.

ಲಾಯರಕ್ಕ ಕನ್ನಡಕ ತೆಗೆದಳು. “ಪುಟ್ಟೀ, ನಾನು ಯಾರನ್ನ ಕೇಳ್ತಿದೀನಿ?”

“ಅವನನ್ನೇ. ಆದ್ರೆ ಅವನು ಹೇಳಲ್ವಲ್ಲ? ಅದಕ್ಕೆ ನಾನು ಹೇಳ್ದೆ.” ರೇಡಿಯೋ ಸೊಂಟದ ಮೇಲೆ ಕೈ ಇಟ್ಟಳು. “ಬೇರೆಯವರ ಪರವಾಗಿ ಮಾತಾಡೋದು ತಾನೆ ಲಾಯರ್ ಕೆಲಸ? ನಾನು ಮಾಡ್ತಿರೋದೂ ಅದೇ!”

ಉದ್ದಣ್ಣ “ಅಬ್ಬಬ್ಬಾ, ಇವಳನ್ನ ನಮ್ಮ ಕಾಲೇಜಿಗೆ ಸೇರಿಸ್ಬೇಕು,” ಎಂದು ನಕ್ಕ. ಲಾಯರಕ್ಕ ನಗಲಿಲ್ಲ.

“ನಿಜ. ಆದ್ರೆ ಲಾಯರ್ ಮೊದಲು ಅವರ ಹತ್ರ ಕೂತು ಎಲ್ಲಾ ಕೇಳಿಸ್ಕೋಬೇಕು. ನೋಡು, ನಾನೂ ಇಷ್ಟು ಸಲ ನಿಮ್ಮನೆಗೆ ಬಂದೆ, ಗುಂಡನ ವಿಷಯ ಎಲ್ಲಾ ಬರ್ಕೊಂಡೆ. ಒಂದೊಂದು ಮಾತೂ ನೀನು ಹೇಳಿದ್ದೇ. ಅವನ ಬಾಯಿಂದ ನಾನು ಒಂದು ಮಾತೂ ಕೇಳಿಲ್ಲ. ನನ್ನದೂ ತಪ್ಪಾಯ್ತು.”

ಅವಳು ಬ್ಯಾಗಿನಿಂದ ಒಂದು ಮರಳು ಗಡಿಯಾರ ತೆಗೆದು ಮೇಜಿನ ಮೇಲಿಟ್ಟಳು. ಎರಡು ಗಾಜಿನ ಬುಡ್ಡಿ, ನಡುವೆ ಸಣ್ಣ ಕತ್ತು, ಒಳಗೆ ನೀಲಿ ಮರಳು.

“ಆಟದ ಕೋರ್ಟಲ್ಲಿ ಕೆಲವರು ಮಾತು ಶುರು ಮಾಡಿದ್ರೆ ನಿಲ್ಲಿಸೋದೇ ಇಲ್ಲ. ಅವರ ಬಾಯಿ ಮುಚ್ಚಿಸೋಕೆ ಇದು. ಮರಳು ಮುಗೀತು ಅಂದ್ರೆ ಮಾತು ಮುಗೀಬೇಕು. ನಾವಿಲ್ಲಿ ತಿರುಗಾಮುರುಗಾ ಮಾಡೋಣ. ಗುಂಡನನ್ನ ಏನಾದ್ರೂ ಕೇಳಿದ ತಕ್ಷಣ ಇದನ್ನ ತಲೆಕೆಳಗೆ ಇಡಬೇಕು. ಮರಳು ಇಳಿಯೋ ತನಕ ಬೇರೆ ಯಾರೂ ಮಾತಾಡಬಾರದು. ಈ ಕೆಲಸ ನಿನ್ನದು ರೇಡಿಯೋ.”

“ನಂದಾ?”

“ಹೂಂ. ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ.”

ಕಷ್ಟ ಎಂದರೆ ಕಷ್ಟ! ಮೊದಲ ಸಲ ಅರ್ಧ ಮರಳೂ ಇಳಿದಿರಲಿಲ್ಲ, “ಹೇಳೋ ಗುಂಡ, ಡ್ರಾಯಿಂಗ್ ಅಂತ ಹೇಳೋ!” ಎಂದುಬಿಟ್ಟಳು. ಎರಡನೇ ಸಲ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು, ಆದರೆ ಅಮ್ಮ ತಡೆಯಲಾರದೆ “ಹೇಳು ಬಂಗಾರ” ಎಂದಳು. ಆಮೇಲಿನ ಸಲ ಎಲ್ಲರೂ ಸುಮ್ಮನಿದ್ದರು, ಗುಂಡನೂ ಸುಮ್ಮನಿದ್ದ. ಮರಳೆಲ್ಲ ಇಳಿದುಹೋಯಿತು.

“ಪರವಾಗಿಲ್ಲ,” ಎಂದಳು ಲಾಯರಕ್ಕ. ಉದ್ದಣ್ಣ ಹೋಗುವಾಗ ಮತ್ತೆ ಚೌಕಟ್ಟಿಗೆ ಹಣೆ ಬಡಿಸಿಕೊಂಡ.

ಮೀಟಿಂಗಿನ ದಿನ ಬಂದೇ ಬಂತು. ಹೆಡ್ ಮೇಡಂ ರೂಮಿನಲ್ಲಿ ಮೇಜು ದೊಡ್ಡದು, ಕುರ್ಚಿ ಕಡಿಮೆ. ಗಂಟೆ ತಾತ ಎಲ್ಲಿಂದಲೋ ಎರಡು ಸ್ಟೂಲ್ ತಂದು ಹಾಕಿ, ರೇಡಿಯೋ ಕಡೆ ಕಣ್ಣು ಮಿಟುಕಿಸಿ ಹೋದ. ಲಾಯರಕ್ಕ ಕೋಟು ಹಾಕಿಕೊಂಡು ಬಂದಿದ್ದಳು. ಅದರ ಇಸ್ತ್ರಿ ಅಮ್ಮನದೇ, ಒಂದು ಸುಕ್ಕೂ ಇರಲಿಲ್ಲ. ರೇಡಿಯೋ ಮರಳು ಗಡಿಯಾರವನ್ನು ಮಡಿಲಲ್ಲಿ ಇಟ್ಟುಕೊಂಡು ಗುಂಡನ ಪಕ್ಕ ಕೂತಳು.

“ನಾನು ಅವನ ಮೇಲೆ ದೂರು ಹೇಳ್ತಿಲ್ಲ, ಒಳ್ಳೆ ಮಗು ಅದು,” ಎಂದರು ಮೂರನೇ ಕ್ಲಾಸಿನ ಟೀಚರ್. ಅವರ ಮುಖವೂ ಸಪ್ಪಗಿತ್ತು. “ಆದ್ರೆ ಮಾತೇ ಇಲ್ಲ. ಬಾಯಾರಿಕೆ ಅಂದ್ರೂ ಅಕ್ಕ ಬರ್ಬೇಕು, ಜ್ವರ ಅಂದ್ರೂ ಅಕ್ಕ ಬರ್ಬೇಕು. ಪಾಪ, ಕರೆದಾಗೆಲ್ಲ ಓಡಿ ಬರ್ತಾಳೆ. ಎಲ್ಲಾ ಅವಳೇ ಹೇಳ್ತಾಳೆ.”

ರೇಡಿಯೋ ಬೆನ್ನು ನೆಟ್ಟಗೆ ಮಾಡಿ ಕೂತಳು. ಎಷ್ಟು ಚೆನ್ನಾಗಿ ಹೇಳಿದರು ಟೀಚರ್!

“ನಾನು ಹೇಳ್ತಿರೋದೂ ಅದನ್ನೇ,” ಎಂದರು ಹೆಡ್ ಮೇಡಂ. “ಅಕ್ಕ ಇಲ್ದೆ ಈ ಹುಡುಗನಿಗೆ ಇಲ್ಲಿ ಆಗಲ್ಲ. ಅದಕ್ಕೆ ಇನ್ನೇನು ಸಾಕ್ಷಿ ಬೇಕು?”

ರೇಡಿಯೋಳ ನೆಟ್ಟಗಿದ್ದ ಬೆನ್ನು ಬಾಗಿತು. ಸಾಕ್ಷಿಯಾ? ತಾನು ಓಡಿ ಓಡಿ ಬಂದದ್ದೆಲ್ಲ ತಮ್ಮನನ್ನು ಇಲ್ಲಿಂದ ಕಳಿಸಲು ಸಾಕ್ಷಿಯಾಯಿತಾ? ಹುಟ್ಟಿದ ಮೇಲೆ ಮೊದಲ ಸಲ ಅವಳಿಗೆ ಏನು ಹೇಳಬೇಕೋ ತೋಚಲಿಲ್ಲ.

ಲಾಯರಕ್ಕ ನೀರು ಕುಡಿದು ಲೋಟ ಕೆಳಗಿಟ್ಟಳು.

“ಮೇಡಂ, ಆ ಸ್ಪೆಷಲ್ ಸ್ಕೂಲ್ ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. ಅದು ಬೇಕಾದ ಮಕ್ಕಳಿಗೆ ಬೇಕೇ ಬೇಕು. ಆದ್ರೆ ಒಂದು ಮಗುನ ಬೇರೆ ಕಡೆ ಕಳಿಸೋಕೆ ಮುಂಚೆ ಅದಕ್ಕೆ ಬೇಕಾದ ಸಹಾಯನ ಇಲ್ಲೇ ಕೊಟ್ಟು ನೋಡಬೇಕು. ಕಾನೂನು ಇರೋದೇ ಹಾಗೆ. ಕೊಟ್ಟು ನೋಡಿದ್ರಾ?”

“ಏನಮ್ಮ ಕೊಡೋದು? ಕೇಳಿದ್ರೆ ಅವನು ಬಾಯೇ ಬಿಡಲ್ಲ.”

“ಟೈಮ್ ಕೊಡಿ ಮೇಡಂ. ಡಾಕ್ಟರ್ ಬರೆದಿದಾರೆ, ಅವನಿಗೆ ಎಲ್ಲಾ ಅರ್ಥ ಆಗುತ್ತೆ, ಮಾತು ಹೊರಗೆ ಬರೋಕೆ ಹೊತ್ತು ಹಿಡಿಯುತ್ತೆ.”

ಉದ್ದಣ್ಣ ಸ್ಟೂಲಿನ ಮೇಲೆ ಮುಂದೆ ಬಾಗಿದ. “ನಾನು ಕ್ಲಾಸಲ್ಲಿ ಕೂತಿದ್ದೆ. ಪ್ರಶ್ನೆ ಕೇಳಿದ ತಕ್ಷಣ ಬೇರೆ ಮಕ್ಕಳು ಮೇಡಂ ಮೇಡಂ ಅಂತ ಕೈ ಎತ್ತುತ್ತಾರೆ. ಪ್ರಶ್ನೆ ಅವರಿಗೆ ಹೋಗಿಬಿಡುತ್ತೆ.”

“ನಲವತ್ತು ಮಕ್ಕಳಪ್ಪ,” ಎಂದರು ಟೀಚರ್. “ಎಷ್ಟು ಹೊತ್ತು ಅಂತ ಕಾಯ್ಲಿ?”

“ಎಷ್ಟು ಹೊತ್ತು ಬೇಕು ಅಂತ ಈಗಲೇ ನೋಡೋಣ ಮೇಡಂ,” ಎಂದಳು ಲಾಯರಕ್ಕ.

ಹೆಡ್ ಮೇಡಂ ಕನ್ನಡಕ ಸರಿಮಾಡಿಕೊಂಡು ಗುಂಡನ ಕಡೆ ತಿರುಗಿದರು. “ಹ್ಞೂಂ. ಹೇಳಪ್ಪ, ಕ್ಲಾಸಲ್ಲಿ ಟೀಚರ್ ಕೇಳಿದ್ರೆ ನೀನು ಯಾಕೆ ಉತ್ತರ ಹೇಳಲ್ಲ?”

ರೇಡಿಯೋ ಮರಳು ಗಡಿಯಾರವನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟಳು. ನೀಲಿ ಮರಳು ಸುರಿಯತೊಡಗಿತು.

ಗುಂಡ ಮರಳನ್ನೇ ನೋಡುತ್ತ ಕೂತ. ಅವನ ಕಿವಿ ಕೆಂಪಾಗತೊಡಗಿದವು. ರೇಡಿಯೋ ಬಾಯೊಳಗೆ ಉತ್ತರಗಳು ನಾ ಮುಂದು ತಾ ಮುಂದು ಎಂದು ನುಗ್ಗಿ ಬಂದವು. ಅವನಿಗೆ ಭಯ ಮೇಡಂ. ಅವನಿಗೆ ನಾಚಿಕೆ ಮೇಡಂ. ಹಿಂದಿನ ಬೆಂಚಿನವರು ನಗುತ್ತಾರೆ ಮೇಡಂ. ಅವಳು ತುಟಿ ಕಚ್ಚಿಕೊಂಡಳು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು.

“ಭಯ ಆಗುತ್ತಾ ಮರಿ?” ಎಂದು ಹೆಡ್ ಮೇಡಂ ಬಾಯಿ ತೆರೆದರು.

“ಶ್ಶ್!” ಎಂದಳು ರೇಡಿಯೋ.

ಆಮೇಲೆ ತಾನು ಯಾರಿಗೆ ಶ್ಶ್ ಅಂದೆ ಎಂದು ಹೊಳೆದು ಅವಳು ನಾಲಿಗೆ ಕಚ್ಚಿಕೊಂಡಳು. “ಸಾರಿ ಮೇಡಂ... ಮರಳು ಇನ್ನೂ ಇಳೀತಿದೆ.”

ಹೆಡ್ ಮೇಡಂ ಹುಬ್ಬೇರಿಸಿದರು. ಆದರೆ ಬಾಯಿ ಮುಚ್ಚಿದರು.

ಮರಳು ಪೂರ್ತಿ ಇಳಿಯಿತು. ಕೊನೆಯ ಕಾಳೂ ಬಿತ್ತು. ಗುಂಡನ ತುಟಿ ಅಲುಗಿತು, ಮಾತು ಬರಲಿಲ್ಲ. ಹೆಡ್ ಮೇಡಂ ಟೀಚರ್ ಮುಖ ನೋಡಿದರು. ಲಾಯರಕ್ಕ ಉದ್ದಣ್ಣನ ಮುಖ ನೋಡಿದಳು. ಅಮ್ಮ ರೇಡಿಯೋಳ ಮುಖ ನೋಡಿದಳು. ಈಗ ನೀನೇ ಏನಾದರೂ ಹೇಳು ಎನ್ನುವಂತಿತ್ತು ಆ ನೋಟ.

ರೇಡಿಯೋ ಮಾತ್ರ ತಮ್ಮನನ್ನೇ ನೋಡುತ್ತಿದ್ದಳು. ಇಷ್ಟು ಹೊತ್ತು ಅವನ ಮುಖವನ್ನು ಅವಳು ಯಾವತ್ತೂ ನೋಡಿರಲಿಲ್ಲ. ಅದು ಹೆದರಿದವನ ಮುಖ ಆಗಿರಲಿಲ್ಲ. ಬಸ್ ಸ್ಟಾಪಿನಲ್ಲಿ ತಿರುವಿನ ಕಡೆಗೇ ಕಣ್ಣಿಟ್ಟು ನಿಲ್ಲುತ್ತಾರಲ್ಲ, ಹಾಗಿತ್ತು. ಬರ್ತಿದೆ, ಬಂತು ಎನ್ನುವ ಹಾಗೆ.

ಅವಳು ಯಾರನ್ನೂ ಕೇಳಲಿಲ್ಲ. ಕೈ ಚಾಚಿ ಮರಳು ಗಡಿಯಾರವನ್ನು ಮತ್ತೆ ತಲೆಕೆಳಗು ಮಾಡಿ ಇಟ್ಟಳು.

ಮರಳು ಸ್ವಲ್ಪ ಇಳಿದಿತ್ತು.

“ಹೇಳ್... ಹೇಳ್ತೀನಿ,” ಎಂದ ಗುಂಡ.

ಹೆಡ್ ಮೇಡಂ ಮುಂದೆ ಬಾಗಿದರು.

“ಅವತ್ತು... ಹೇಳೋಕೆ... ಎದ್ದು ನಿಂತೆ. ಅಷ್ಟರಲ್ಲಿ... ಅಕ್ಕನ್ನ ಕರೆಸಿದ್ರಿ.” ಅವನು ಒಂದು ಸಲ ಉಗುಳು ನುಂಗಿದ. “ಐವತ್ತಾರು.”

“ಏನು ಐವತ್ತಾರು?” ಎಂದರು ಹೆಡ್ ಮೇಡಂ.

ಮೂರನೇ ಕ್ಲಾಸಿನ ಟೀಚರ್ ಥಟ್ಟನೆ ಬಾಯಿಯ ಮೇಲೆ ಕೈ ಇಟ್ಟುಕೊಂಡರು. “ಅಯ್ಯೋ ದೇವರೇ! ಏಳು ಡಬ್ಬ, ಎಂಟೆಂಟು ಚೆಂಡು! ಅವತ್ತು ಬೋರ್ಡಿನ ಮೇಲೆ ಬರೆದಿದ್ದ ಲೆಕ್ಕ! ಅದಕ್ಕಾ ಕಂದ ನೀನು ನಿಂತಿದ್ದು?”

ಗುಂಡ ತಲೆ ಆಡಿಸಿದ.

ರೇಡಿಯೋ ಕಿವಿಯಲ್ಲಿ ತನ್ನದೇ ದನಿ ಮೊಳಗಿತು. ಇವನ ಇರೇಸರ್ ಕಳೆದುಹೋಗಿದೆ! ಎಷ್ಟು ಜೋರಾಗಿ ಹೇಳಿದ್ದಳು. ಉತ್ತರ ಅವನ ನಾಲಿಗೆಯ ತುದಿಯಲ್ಲಿತ್ತು, ಅವಳು ಬಂದು ಅದನ್ನು ವಾಪಸ್ ಒಳಗೆ ಕಳಿಸಿದ್ದಳು. ಅಷ್ಟು ದಿನ ಅವನು ಆ ಐವತ್ತಾರನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಓಡಾಡಿದ್ದ. ಅವಳಿಗೆ ಅಳು ಬಂತು, ಜೊತೆಗೇ ಖುಷಿಯೂ ಆಯಿತು.

ಆಮೇಲೆ ದೊಡ್ಡವರು ಬಹಳ ಹೊತ್ತು ಮಾತಾಡಿದರು. ಈ ಸಲ ಮೂರನೇ ಕ್ಲಾಸಿನ ಟೀಚರೇ ಹೆಚ್ಚು ಮಾತಾಡಿದರು. ಕಾಯುತ್ತೇನೆ ಎಂದರು. ಬಾಯಲ್ಲಿ ಬರದಿದ್ದರೆ ಸ್ಲೇಟಿನಲ್ಲಿ ಬರೆದು ತೋರಿಸಲಿ ಎಂದರು. ಮಾತಿನ ಡಾಕ್ಟರ್ ವಾರಕ್ಕೊಮ್ಮೆ ಸ್ಕೂಲಿಗೇ ಬರುವಂತೆ ಕೇಳೋಣ ಎಂದಳು ಲಾಯರಕ್ಕ. ವರ್ಷ ಮುಗಿಯುವವರೆಗೂ ಹೀಗೆ ಮಾಡಿ ನೋಡೋಣ, ಅಲ್ಲಿಯವರೆಗೆ ಕಳಿಸುವ ಮಾತು ಬೇಡ ಎಂದು ಹೆಡ್ ಮೇಡಂ ಬರೆದು ಸಹಿ ಹಾಕಿದರು. ಏಳುವಾಗ ರೇಡಿಯೋ ಕಡೆ ನೋಡಿ “ಹ್ಞೂಂ,” ಎಂದರು. “ನನಗೇ ಶ್ಶ್ ಅಂತೀಯಾ?” ಅವರ ತುಟಿಯ ಕೊನೆಯಲ್ಲಿ ನಗು ಇತ್ತು.

ಮರಳು ಗಡಿಯಾರವನ್ನು ಲಾಯರಕ್ಕ ಟೀಚರ್ ಕೈಗೆ ಕೊಟ್ಟಳು. ಉದ್ದಣ್ಣ ಆ ರೂಮಿನ ಬಾಗಿಲಲ್ಲಿ ಮಾತ್ರ ಜೋಪಾನವಾಗಿ ತಲೆ ಬಗ್ಗಿಸಿದ.

ಅಕ್ಕ ತಮ್ಮ ಬಸ್ ಸ್ಟಾಪಿಗೆ ಮುಂದೆ ಮುಂದೆ ನಡೆದರು.

“ಸಾರಿ ಕಣೋ ಗುಂಡ,” ಎಂದಳು ರೇಡಿಯೋ. ಅವನು ಏನೂ ಹೇಳಲಿಲ್ಲ. ಅವಳೂ ಹೇಳಲಿಲ್ಲ. ಇಬ್ಬರೂ ಪೇಪರ್ ಅಂಗಡಿ ದಾಟಿದರು, ಸೈಕಲ್ ರಿಪೇರಿ ಅಂಗಡಿ ದಾಟಿದರು. ಬಾಯಿ ತುರಿಸುತ್ತಿತ್ತು ಅವಳಿಗೆ. ಆದರೂ ತಡೆದುಕೊಂಡಳು.

ಸ್ಟಾಪ್ ಹತ್ತಿರ ಬಂದಾಗ ಗುಂಡ ಹೇಳಿದ. “ಇರೇಸರ್... ಕಳೆದಿರಲಿಲ್ಲ. ಜೇಬಲ್ಲಿತ್ತು.”

ರೇಡಿಯೋ ನಿಂತುಬಿಟ್ಟಳು. “ಹಾಂ? ಮತ್ತೆ ಹಿಂದಿನ ಬೆಂಚಿನೋರು?”

ಗುಂಡ ಬಾಯಿ ತುಂಬ ನಕ್ಕ. “ಸುಮ್‌ಸುಮ್ನೆ... ಬೈಸ್ಕೊಂಡ್ರು.”

“ಥೂ! ನಾಳೆ ಹೋಗಿ ಅವರಿಗೂ ಸಾರಿ ಹೇಳ್ಬೇಕು ಈಗ!” ಎಂದು ರೇಡಿಯೋ ಹಣೆ ಚಚ್ಚಿಕೊಂಡಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುಂದಿನ ವಾರ ಐದನೇ ಕ್ಲಾಸಿನಲ್ಲಿ ರೇಡಿಯೋ ಬಾಗಿಲ ಕಡೆ ನೋಡುತ್ತಲೇ ಇದ್ದಳು. ಕಾರಿಡಾರಿನಲ್ಲಿ ಚಪ್ಪಲಿ ಸದ್ದಾದರೆ ಪೆನ್ಸಿಲ್ ಕೆಳಗಿಡುತ್ತಿದ್ದಳು. ಗಂಟೆ ತಾತ ಒಂದೆರಡು ಸಲ ಆ ಕಡೆಯಿಂದ ಹಾದುಹೋದ, ಆದರೆ ಒಳಗೆ ತಲೆ ಹಾಕಲಿಲ್ಲ. ಸೋಮವಾರ ಯಾರೂ ಕರೆಯಲಿಲ್ಲ. ಮಂಗಳವಾರವೂ ಇಲ್ಲ. ಅವಳಿಗೆ ಯಾಕೋ ಬೇಜಾರಾಯಿತು. ಬೇಜಾರಾಯಿತಲ್ಲ ಎಂದು ಆಶ್ಚರ್ಯವೂ ಆಯಿತು.

ಬುಧವಾರ ನೀರು ಕುಡಿಯಲು ಹೋಗುವಾಗ ಮೂರನೇ ಕ್ಲಾಸಿನ ಕಿಟಕಿ ಸಿಕ್ಕಿತು. ಒಳಗೆ ಎಂದೂ ಇಲ್ಲದಷ್ಟು ನಿಶ್ಶಬ್ದ. ಟೀಚರ್ ಚಾಕ್‌ಪೀಸ್ ಹಿಡಿದು ನಿಂತಿದ್ದರು. ಮೇಜಿನ ಮೇಲೆ ನೀಲಿ ಮರಳು ಇಳಿಯುತ್ತಿತ್ತು. ಹಿಂದಿನ ಬೆಂಚಿನವರು ಕೂಡ ಬಾಯಿ ಮೇಲೆ ಬೆರಳಿಟ್ಟುಕೊಂಡಿದ್ದರು. ಎಲ್ಲರ ನಡುವೆ ಕೆಂಪು ಕಿವಿಯ ಗುಂಡ ಎದ್ದು ನಿಂತಿದ್ದ.

ಏನು ಕೇಳಿದರು? ಏನು ಹೇಳುತ್ತಾನೆ? ರೇಡಿಯೋ ಕಾಲು ಕಿಟಕಿಯ ಹತ್ತಿರವೇ ಅಂಟಿಕೊಂಡಿತು. ಬೋರ್ಡ್ ಕಾಣಲೆಂದು ಅವಳು ಹಿಮ್ಮಡಿ ಎತ್ತಿ ಕತ್ತು ಚಾಚಿದಳು.

ಆಮೇಲೆ ಮೆಲ್ಲಗೆ ಹಿಮ್ಮಡಿ ಕೆಳಗಿಟ್ಟಳು. ಸಂಜೆ ಅವನೇ ಹೇಳುತ್ತಾನೆ ಎಂದುಕೊಂಡು, ಸದ್ದಾಗದ ಹಾಗೆ ನಲ್ಲಿಯ ಕಡೆ ನಡೆದಳು.